ಖನಿಜಗಳ ಪೆಟ್ಟಿಗೆ: ಕಲ್ಲು ಚೆನ್ನಾಗಿವೆ, ಚೀಟಿ ಸರಿಯಿಲ್ಲ

ನಮ್ಮ ಹೈಸ್ಕೂಲಿನ ಲ್ಯಾಬಿಗೆ ಈ ವರ್ಷ ಒಂದು ಖನಿಜಗಳ ಪೆಟ್ಟಿಗೆ ತರಿಸಿದೆವು. ಬೆಂಗಳೂರಿನ ಒಂದು ಸಣ್ಣ ಅಂಗಡಿಯವರದು. ಬೆಲೆ 2,400 ರೂಪಾಯಿ, ಕೊರಿಯರ್ ಬೇರೆ. ಮರದ ಪೆಟ್ಟಿಗೆ, ಒಳಗೆ 15 ಗೂಡು, ಗೂಡಿಗೊಂದು ಕಲ್ಲು, ಕಲ್ಲಿಗೊಂದು ಚೀಟಿ. ಮುಚ್ಚಳದ ಮೇಲೆ 'ಕರ್ನಾಟಕದ ನಿರ್ಣಾಯಕ ಖನಿಜಗಳು' ಅಂತ ದೊಡ್ಡದಾಗಿ ಬರೆದಿದೆ. ನಿರ್ಣಾಯಕ ಅಂದರೆ ದೇಶಕ್ಕೆ ತುಂಬಾ ಬೇಕಾದ, ಬರುವುದು ನಿಂತರೆ ಕಷ್ಟವಾಗುವ ಖನಿಜ. ಬೇರೆ ವಿಜ್ಞಾನ ಶಿಕ್ಷಕರಿಗೆ ಉಪಯೋಗವಾಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ನಾನು ಪಾಠ ಮಾಡುವುದು ಮಂಡ್ಯ ಜಿಲ್ಲೆಯಲ್ಲಿ. ಇಲ್ಲಿನ ಮರಳಗಾಲ, ಅಲ್ಲಾಪಟ್ಟಣದ ಸುತ್ತ ಲಿಥಿಯಂ ಇದೆ ಅಂತ ಸುದ್ದಿ ಬಂದಾಗಿನಿಂದ ಮಕ್ಕಳ ಬಾಯಲ್ಲಿ ಅದೇ ಮಾತು. ಹಾಗಾಗಿ ಪೆಟ್ಟಿಗೆ ತೆರೆದ ಕೂಡಲೇ ಎಲ್ಲರೂ ಹುಡುಕಿದ್ದು ಲಿಥಿಯಂ ಕಲ್ಲನ್ನೇ. ಸಿಕ್ಕಿತು. ತಿಳಿ ಹಸಿರು ಬೆರೆತ ಬೂದು ಬಣ್ಣ, ಉದ್ದುದ್ದ ಗೀರು, ಒಡೆದ ಕಡೆ ಮಟ್ಟಸವಾದ ಹೊಳಪು. ಇದು ಸ್ಪೊಡುಮೀನ್. ಚೀಟಿಯಲ್ಲಿ ಮಾತ್ರ 'ಲಿಥಿಯಂ ಅದಿರು, ಭಾರತ' ಅಂತಷ್ಟೇ ಇದೆ. ಖನಿಜದ ಹೆಸರೂ ಇಲ್ಲ, ಊರೂ ಇಲ್ಲ.

"ಮಿಸ್, ನಮ್ಮ ಹೊಲದ ಬದುವಿನಲ್ಲೂ ಇಂಥ ಬಿಳಿ ಕಲ್ಲು ಬೇಕಾದಷ್ಟಿದೆ. ಅದರಲ್ಲೂ ಲಿಥಿಯಂ ಇರುತ್ತಾ?" ಅಂತ ಒಬ್ಬ ಹುಡುಗ ಕೇಳಿದ. ಒಳ್ಳೆ ಪ್ರಶ್ನೆ ಅಲ್ವಾ? ಮರುದಿನ ಅವನು ತಂದ ಕಲ್ಲನ್ನೂ ಪೆಟ್ಟಿಗೆಯ ಕಲ್ಲನ್ನೂ ಪಕ್ಕದಲ್ಲಿಟ್ಟು ತೂಗಿದೆವು. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಮೊದಲು ಕಲ್ಲನ್ನು ಹಾಗೇ ತೂಗಬೇಕು. ಆಮೇಲೆ ತಕ್ಕಡಿ ಮೇಲೆ ನೀರಿನ ಲೋಟ ಇಟ್ಟು, ಸೊನ್ನೆಗೆ ತಂದು, ಕಲ್ಲನ್ನು ದಾರದಲ್ಲಿ ಕಟ್ಟಿ ತಳ ಮುಟ್ಟದ ಹಾಗೆ ನೀರೊಳಗೆ ಇಳಿಬಿಡಬೇಕು. ಆಗ ಎಷ್ಟು ಗ್ರಾಂ ತೋರಿಸುತ್ತದೋ ಅಷ್ಟು ಘನ ಸೆಂಟಿಮೀಟರ್ ಕಲ್ಲಿನ ಗಾತ್ರ. ಪೆಟ್ಟಿಗೆಯ ಕಲ್ಲು 94 ಗ್ರಾಂ, ನೀರಲ್ಲಿ ತೋರಿಸಿದ್ದು 30. ಭಾಗಿಸಿದರೆ 3.13. ಸ್ಪೊಡುಮೀನ್ ಸಾಂದ್ರತೆ 3.1ರಿಂದ 3.2ರ ಒಳಗೇ ಇರುತ್ತದೆ. ಹುಡುಗನ ಕಲ್ಲು 2.65ರ ಹತ್ತಿರ ಬಂತು. ಅದು ಬೆಣಚುಕಲ್ಲು. ಲ್ಯಾಬಿನ ಪರೀಕ್ಷೆಗೆ ಇದು ಸಮ ಅಲ್ಲ, ಆದರೆ ಹೊಲದ ಪ್ರತಿ ಬಿಳಿ ಕಲ್ಲಿನಲ್ಲೂ ಲಿಥಿಯಂ ಕಾಣುವ ಆಸೆಗೆ ಇಷ್ಟು ಉತ್ತರ ಸಾಕು. ಈ ಒಂದು ಪಾಠಕ್ಕೇ ಪೆಟ್ಟಿಗೆಯ ಅರ್ಧ ದುಡ್ಡು ವಸೂಲಾಯಿತು ಅಂತ ನನ್ನ ಲೆಕ್ಕ.

ಊರಿನ ಲೆಕ್ಕವನ್ನೂ ಅವತ್ತೇ ಮಾಡಿಸಿದೆ. ಪರಮಾಣು ಖನಿಜ ನಿರ್ದೇಶನಾಲಯ ಮರಳಗಾಲ ಭಾಗದಲ್ಲಿ ಅಂದಾಜು ಮಾಡಿರುವ ಲಿಥಿಯಂ 1,600 ಟನ್. 2021ರಲ್ಲಿ ಸಂಸತ್ತಿಗೆ ಕೊಟ್ಟ ಅಂಕಿ ಇದು. ಇನ್ನೂ ಶುರುವಿನ ಹಂತದ ಅಂದಾಜು. ಒಂದು ಎಲೆಕ್ಟ್ರಿಕ್ ಕಾರಿನ ಬ್ಯಾಟರಿಗೆ ಸುಮಾರು 8 ಕೆಜಿ ಲಿಥಿಯಂ ಬೇಕು. ಒಂದು ಚೂರೂ ಪೋಲಾಗದೆ ಅಷ್ಟನ್ನೂ ತೆಗೆದರೂ 2 ಲಕ್ಷ ಕಾರಿಗೆ ಆಗುತ್ತದೆ. ಮಕ್ಕಳು ಸುಮ್ಮನಾದರು. ದೇಶಕ್ಕೆಲ್ಲ ನಮ್ಮ ಊರಿಂದಲೇ ಬ್ಯಾಟರಿ ಅಂದುಕೊಂಡಿದ್ದರು ಪಾಪ.

ಸ್ಪೊಡುಮೀನ್ ಪಕ್ಕದಲ್ಲೇ ಲೆಪಿಡೊಲೈಟ್ ಇದೆ, ತಿಳಿ ನೇರಳೆ ಬಣ್ಣದ ಕಾಗೆಬಂಗಾರ. ಇದರಲ್ಲೂ ಲಿಥಿಯಂ ಉಂಟು. ಎರಡೂ ಸಿಗುವುದು ಪೆಗ್ಮಟೈಟ್ ಅನ್ನುವ ಬಂಡೆಯಲ್ಲಿ. ಭೂಮಿಯೊಳಗೆ ಶಿಲಾರಸ ತಣ್ಣಗಾಗಿ ಗಟ್ಟಿಯಾಗುವಾಗ ಸಾಮಾನ್ಯ ಖನಿಜಗಳ ಹರಳಿನೊಳಗೆ ಲಿಥಿಯಂಗೆ ಸರಿಯಾದ ಜಾಗ ಸಿಗುವುದಿಲ್ಲ. ಅದು ಕೊನೆಯವರೆಗೂ ರಸದಲ್ಲೇ ಉಳಿದು, ಕಡೆಗೆ ನೀರಿನಂಶ ಜಾಸ್ತಿ ಇರುವ ಆ ಉಳಿಕೆಯಲ್ಲಿ ದೊಡ್ಡ ದೊಡ್ಡ ಹರಳಾಗುತ್ತದೆ. ನಮಗೆ ಬಂದ ಲೆಪಿಡೊಲೈಟ್ ದಾರಿಯಲ್ಲೇ ಪದರ ಪದರವಾಗಿ ಉದುರಿತ್ತು. ಫೋಟೊ ಕಳಿಸಿದೆ, ಬೇರೆಯದು ಕಳಿಸಿಕೊಟ್ಟರು. ದುಡ್ಡು ಕೇಳಲಿಲ್ಲ.

ನನಗೆ ತುಂಬಾ ಇಷ್ಟವಾದದ್ದು ಒಂಬತ್ತನೇ ಗೂಡಿನ ಕಪ್ಪು ಕಲ್ಲು. ನೋಡೋಕೆ ಏನೂ ವಿಶೇಷ ಇಲ್ಲ. ಸೂಜಿಗಲ್ಲು ಹಿಡಿದರೆ ಟಕ್ ಅಂತ ಅಂಟಿಕೊಳ್ಳುತ್ತದೆ. ಚನ್ನಗಿರಿ ಕಡೆಯ ಮ್ಯಾಗ್ನೆಟೈಟ್, ಕಬ್ಬಿಣದ ಒಂದು ಖನಿಜ. ಆ ಭಾಗದ ಮ್ಯಾಗ್ನೆಟೈಟ್‌ನಲ್ಲಿ ಟೈಟಾನಿಯಂ ಮತ್ತು ವನೇಡಿಯಂ ಸೇರಿರುತ್ತವೆ. ಅಲ್ಲೇ ಹನುಮಲಾಪುರದ ಬಂಡೆಗಳಲ್ಲಿ ಪ್ಲಾಟಿನಂ ಗುಂಪಿನ ಲೋಹಗಳೂ ಸಿಕ್ಕಿವೆ. ವನೇಡಿಯಂಗೆ ಈ ಕಲ್ಲಲ್ಲಿ ಬೇರೆ ಹರಳಿಲ್ಲ, ಕಬ್ಬಿಣದ ಜಾಗದಲ್ಲಿ ತಾನು ಕೂತಿರುತ್ತದೆ. ಕಣ್ಣಿಗೆ ಕಾಣುವುದೇ ಇಲ್ಲ. ಗ್ಯಾಲಿಯಂ ಅನ್ನುವ ಲೋಹ ಕೂಡ ಹೀಗೇ, ಅಲ್ಯೂಮಿನಿಯಂ ಅದಿರಾದ ಬಾಕ್ಸೈಟಿನಲ್ಲಿ ಅಡಗಿರುತ್ತದೆ. ನಿರ್ಣಾಯಕ ಖನಿಜ ಅಂದರೆ ಒಂದೊಂದಕ್ಕೂ ಒಂದೊಂದು ಗಣಿ ಇರುತ್ತದೆ ಅಂತ ಮಕ್ಕಳು ಅಂದುಕೊಳ್ಳುತ್ತಾರೆ. ಎಷ್ಟೋ ಲೋಹ ಬೇರೆ ಅದಿರಿನ ಜೊತೆಯಲ್ಲಿ ಬರುವಂಥವು. ಇಷ್ಟೊಂದು ಹೇಳಬಹುದಾದ ಕಲ್ಲಿಗೆ ಇವರು ಕೊಟ್ಟ ಚೀಟಿ 'ಕಬ್ಬಿಣದ ಅದಿರು'. ಬೇಜಾರಾಯಿತು.

ಇನ್ನೊಂದು ಆಕ್ಷೇಪ ಮುಚ್ಚಳದ ಹೆಸರಿನದು. ಕೇಂದ್ರ ಗಣಿ ಸಚಿವಾಲಯ 2023ರ ಜೂನ್‌ನಲ್ಲಿ 30 ನಿರ್ಣಾಯಕ ಖನಿಜಗಳ ಪಟ್ಟಿ ಹೊರಡಿಸಿತು. ಪೆಟ್ಟಿಗೆಯಲ್ಲಿರುವ ಸಂಡೂರಿನ ಮ್ಯಾಂಗನೀಸ್, ಹಾಸನ ಜಿಲ್ಲೆ ಬೈರಾಪುರದ ಕ್ರೋಮೈಟ್ (ಕ್ರೋಮಿಯಂ ಅದಿರು), ಹಟ್ಟಿಯ ಚಿನ್ನದ ಅದಿರು, ಬಳ್ಳಾರಿಯ ಹೆಮಟೈಟ್ (ಕಬ್ಬಿಣದ ಅದಿರು) ಯಾವುದೂ ಆ ಪಟ್ಟಿಯಲ್ಲಿಲ್ಲ. ಬೆಲೆಬಾಳುವ ಖನಿಜವೆಲ್ಲ ನಿರ್ಣಾಯಕ ಅಲ್ಲ. ಯಾರಿಗೆ ಏನು ಬೇಕು, ಎಲ್ಲಿಂದ ಬರುತ್ತಿದೆ, ಬರುವುದು ನಿಂತರೆ ಏನು ಗತಿ ಅನ್ನುವುದರ ಮೇಲೆ ಪಟ್ಟಿ ಆಗುತ್ತದೆ. ಅಮೆರಿಕದ 2022ರ ಪಟ್ಟಿಯಲ್ಲಿ ಕ್ರೋಮಿಯಂ, ಮ್ಯಾಂಗನೀಸ್ ಎರಡೂ ಇದ್ದವು. ತಾಮ್ರ ನಮ್ಮ ಪಟ್ಟಿಯಲ್ಲಿದೆ, ಹಾಗಾಗಿ ಚಿತ್ರದುರ್ಗದ ಇಂಗಳದಾಳಿನ ಅದಿರು ಸರಿ. ಗ್ರಾಫೈಟ್ ಕೂಡ ಸರಿ.

ಕೋಲಾರದ್ದು ಅಂತ ಷೀಲೈಟ್ ಕೊಟ್ಟಿದ್ದಾರೆ, ಟಂಗ್‌ಸ್ಟನ್ ಅದಿರು. ಕತ್ತಲಲ್ಲಿ ನೀಲಿಯಾಗಿ ಹೊಳೆಯುತ್ತದೆ, ಆದರೆ ಅದಕ್ಕೆ ಕಿರುತರಂಗದ ಯುವಿ ದೀಪ ಬೇಕು. ನೋಟು ನೋಡುವ ಸಾಮಾನ್ಯ ಯುವಿ ಟಾರ್ಚಿನಲ್ಲಿ ಹೊಳೆಯುವುದಿಲ್ಲ. ಕಿರುತರಂಗ ಕಣ್ಣಿಗೆ ಅಪಾಯ, ಮಕ್ಕಳ ಕೈಗೆ ಕೊಡಬೇಡಿ. ವಿರಳ ಭೂಧಾತುಗಳ ಮೊನಾಜೈಟ್ ಪೆಟ್ಟಿಗೆಯಲ್ಲಿಲ್ಲ. ಇಲ್ಲದಿರುವುದೇ ಸರಿ, ಅದರಲ್ಲಿ ವಿಕಿರಣ ಸೂಸುವ ಥೋರಿಯಂ ಇರುತ್ತದೆ.

ಸ್ಪೊಡುಮೀನ್ ಯಾವ ಊರಿನದು ಅಂತ ಅಂಗಡಿಯವರಿಗೆ ಫೋನ್ ಮಾಡಿ ಕೇಳಿದೆ. "ಮೇಡಂ, ಅದು ವ್ಯಾಪಾರಿ ಹತ್ತಿರ ತಗೊಂಡಿದ್ದು, ಕರ್ನಾಟಕದ್ದು ಅಂತ ಹೇಳೋಕಾಗಲ್ಲ" ಅಂದರು. ನೇರವಾಗಿ ಹೇಳಿದ್ದು ಒಳ್ಳೆಯದಾಯಿತು. ಆದರೆ ಅದನ್ನು ಚೀಟಿಯಲ್ಲೇ ಬರೆಯಬೇಕಿತ್ತು. ಎಲ್ಲಿಂದ ಬಂತು ಅಂತ ಗೊತ್ತಿಲ್ಲದ ಕಲ್ಲಿನಿಂದ ಖನಿಜದ ಪಾಠ ಮಾಡಬಹುದು, ನಮ್ಮ ನೆಲದ ಪಾಠ ಮಾಡೋಕಾಗಲ್ಲ.

ಕೊಳ್ಳಬಹುದಾ ಅಂದರೆ, ಕೊಳ್ಳಿ. ಕಲ್ಲುಗಳು ಅಂಗೈ ತುಂಬುವಷ್ಟು ದೊಡ್ಡವು, ಅಸಲಿ. ದುಡ್ಡು ಕೊಡುವ ಮೊದಲು ಪ್ರತಿ ಕಲ್ಲಿನ ಊರು ಬರೆದು ಕಳಿಸಿ ಅಂತ ಕೇಳಿ. ಬಂದ ಮೇಲೆ ಚೀಟಿಗಳನ್ನು ನೀವೇ ಹೊಸದಾಗಿ ಬರೆಯಿರಿ: ಖನಿಜ, ಅದರಲ್ಲಿರುವ ಲೋಹ, ಊರು, 30ರ ಪಟ್ಟಿಯಲ್ಲಿ ಇದೆಯೋ ಇಲ್ಲವೋ. ನಾವು ಈ ಕೆಲಸವನ್ನು ಒಂಬತ್ತನೇ ಕ್ಲಾಸಿನವರಿಗೆ ಒಪ್ಪಿಸಿದ್ದೇವೆ. ಲೆಪಿಡೊಲೈಟ್ ಸುತ್ತ ಹತ್ತಿ ಜಾಸ್ತಿ ಇಡಿ ಅಂತ ಅಂಗಡಿಯವರಿಗೆ ಮೊದಲೇ ಹೇಳಿ.