ಪ್ರಸಂಗಕ್ಕೆ ನಾಲ್ಕು ಶನಿವಾರ, ಲೆಕ್ಕಕ್ಕೆ ಮುಕ್ಕಾಲು ಗಂಟೆ: ಹಾಸನದ ಸಭಾಸೇವಕರ ತರಬೇತಿ ಹೇಗಿದೆ?

ಹಾಸನದಲ್ಲಿ ಬೇರೆ ಬೇರೆ ಕ್ರೈಸ್ತ ಸಭೆಗಳವರು ಒಟ್ಟಾಗಿ ನಡೆಸುವ ಈ ತರಬೇತಿ ಹನ್ನೆರಡು ಶನಿವಾರದ್ದು. ಬೆಳಿಗ್ಗೆ ಹತ್ತಕ್ಕೆ ಶುರು, ಮಧ್ಯಾಹ್ನ ಮೂರೂವರೆಗೆ ಬಿಡುತ್ತಾರೆ. ಫೀಸು 1,800 ರೂಪಾಯಿ. ಮಧ್ಯಾಹ್ನದ ಊಟ, 140 ಪುಟದ ಕನ್ನಡ ಕೈಪಿಡಿ ಅದರಲ್ಲೇ ಸೇರಿದೆ. ಸಭಾ ಹಿರಿಯರು, ಉಪದೇಶಿಗಳು, ಸಂಡೇ ಸ್ಕೂಲ್ ಟೀಚರುಗಳು, ಕಾಫಿ ತೋಟದ ಕೂಲಿಯವರ ಲೈನ್‌ಮನೆಗಳಲ್ಲಿ ಪ್ರಾರ್ಥನಾ ಕೂಟ ನಡೆಸುವವರು, ಇವರಿಗಾಗಿ ಮಾಡಿದ್ದು. ಇದನ್ನು ಮುಗಿಸಿದವರು ಅಯ್ಯನವರು, ಅಂದರೆ ಸಭಾಪಾಲಕರು, ಆಗಿಬಿಡುವುದಿಲ್ಲ. ಗುರುದೀಕ್ಷೆಗೆ ಸಭೆಯ ಒಪ್ಪಿಗೆ ಬೇಕು, ಸೆರಾಂಪುರ ಸೆನೆಟ್ಟಿನ ಬಿ.ಡಿ. ಎಂಬ ದೇವಶಾಸ್ತ್ರದ ಪದವಿಯೋ ಸೆಮಿನರಿಯೋ ಎಂದು ವರ್ಷಗಟ್ಟಲೆ ಓದಬೇಕು, ಕೊನೆಗೆ ಬಿಷಪ್ಪರು ತಲೆಯ ಮೇಲೆ ಕೈಯಿಡಬೇಕು. ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಮನೆ ಮುಂದೆ 'ರೆವರೆಂಡ್' ಎಂದು ಬೋರ್ಡು ಬರೆಸುವ ಅಂದಾಜಿದ್ದವರು ಆ 1,800 ಉಳಿಸಿಕೊಳ್ಳುವುದು ಮೇಲು.

ಸೇವೆ ಯಾತಕ್ಕೆ ಎಂಬ ಪ್ರಶ್ನೆಗೆ ಮೊದಲ ಎರಡು ಶನಿವಾರ ಮೀಸಲು. ತರಬೇತಿಯ ಗಟ್ಟಿ ಬುನಾದಿ ಇದೇ. ಬೈಬಲಿನ ಎಫೆಸ ಪತ್ರದ 4ನೇ ಅಧ್ಯಾಯದಲ್ಲಿ ಸಭಾಪಾಲಕರನ್ನೂ ಬೋಧಕರನ್ನೂ ಕೊಟ್ಟದ್ದು ದೇವಜನರನ್ನು ಸೇವೆಗೆ ಸಜ್ಜು ಮಾಡಲಿ ಎಂದು. ಎಲ್ಲ ಸೇವೆಯನ್ನೂ ಅವರೇ ತಲೆಯ ಮೇಲೆ ಹೊತ್ತು ತಿರುಗಲಿ ಎಂದಲ್ಲ. 'ಸಜ್ಜು ಮಾಡುವುದು' ಎಂಬಲ್ಲಿರುವ ಗ್ರೀಕ್ ಪದದ ಮೂಲ ಕ್ರಿಯಾಪದವೇ ಮಾರ್ಕ 1ರಲ್ಲೂ ಬರುತ್ತದೆ: ಯಾಕೋಬ, ಯೋಹಾನರು ದೋಣಿಯಲ್ಲಿ ಕೂತು ಬಲೆ ಸರಿಮಾಡುತ್ತಿದ್ದರಲ್ಲ, ಅಲ್ಲಿ. ಹರಿದ ಬಲೆ ಹೆಣೆದು ಮತ್ತೆ ನೀರಿಗಿಳಿಸುವ ಕೆಲಸ. ಇಷ್ಟು ಹೇಳಿ ಬಿಡದೆ ಇದನ್ನೊಂದು ಅಭ್ಯಾಸವನ್ನಾಗಿ ಮಾಡಿಸುತ್ತಾರೆ. ಸಭೆಯಲ್ಲಿ ವಾರವಿಡೀ ನಡೆಯುವ ಕೆಲಸವನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಬೇಕು. ಗಂಟೆ ಬಾರಿಸುವುದರಿಂದ ಹಿಡಿದು ಸಮಾಧಿಗೆ ಜಾಗ ಗುರುತಿಸುವವರೆಗೆ. ಅಯ್ಯನವರು ಒಂದು ತಿಂಗಳು ಜ್ವರ ಬಂದು ಮಲಗಿದರೆ ಇದರಲ್ಲಿ ಯಾವುದು ನಿಂತುಹೋಗುತ್ತದೋ ಅದರ ಮುಂದೆ ಗೀಟು ಎಳೆಯಬೇಕು. ಗೀಟು ಜಾಸ್ತಿಯಿದ್ದಷ್ಟೂ ಆ ಸಭೆಯಲ್ಲಿ ತರಬೇತಿ ಕಡಿಮೆ ಆಗಿದೆ ಎಂದು ಅರ್ಥ. ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಕೂತು ನ್ಯಾಯ ತೀರಿಸುತ್ತಿದ್ದ ಮೋಶೆಗೆ ಮಾವ ಇತ್ರೋ ಹೇಳಿದ ಬುದ್ಧಿಮಾತೂ ಇದೇ: ಸಾವಿರಕ್ಕೆ, ನೂರಕ್ಕೆ, ಐವತ್ತಕ್ಕೆ, ಹತ್ತಕ್ಕೆ ಒಬ್ಬೊಬ್ಬರನ್ನು ನೇಮಿಸು, ಇಲ್ಲದಿದ್ದರೆ ನೀನೂ ಸೋಲುತ್ತೀ, ಜನರೂ ಸೋಲುತ್ತಾರೆ.

'ಸೇವೆ' ಎಂಬ ಮಾತು ನಮ್ಮಲ್ಲಿ ತೀರಾ ಸವೆದಿದೆ. ದರ್ಶಿನಿಯಲ್ಲೂ ಸೇವೆ, ಬ್ಯಾಂಕಿನ ಶುಲ್ಕದಲ್ಲೂ ಸೇವೆ. ಹೊಸ ಒಡಂಬಡಿಕೆಯಲ್ಲಿ ಸೇವೆಗಿರುವ ಗ್ರೀಕ್ ಪದ 'ದಿಯಾಕೋನಿಯ' ಊಟದ ಪಂಕ್ತಿಯಲ್ಲಿ ಬಡಿಸುವುದಕ್ಕೂ ಬಳಕೆಯಾಗುತ್ತದೆ. ಅಪೊಸ್ತಲರ ಕೃತ್ಯಗಳು 6ರಲ್ಲಿ ಏಳು ಮಂದಿಯನ್ನು ಆರಿಸಿದ್ದು ಪ್ರಸಂಗಕ್ಕಲ್ಲ, ಅಂದರೆ ಆರಾಧನೆಯಲ್ಲಿ ಬೋಧಿಸಲಿಕ್ಕಲ್ಲ, ದಿನವಹಿ ಹಂಚಿಕೆಯಲ್ಲಿ ವಿಧವೆಯರ ಪಾಲು ತಪ್ಪದಂತೆ ನೋಡಿಕೊಳ್ಳಲಿಕ್ಕೆ. ಯಾರ ವಿಧವೆಯರು? ಗ್ರೀಕ್ ಮಾತಾಡುವವರ ಕಡೆಯವರು. ಆರಿಸಲಾದ ಏಳು ಮಂದಿಯದೂ ಗ್ರೀಕ್ ಹೆಸರುಗಳೇ. ತಮಿಳು, ಕೊಂಕಣಿ, ಕನ್ನಡ ಮೂರೂ ಕಲೆತಿರುವ ಸಕಲೇಶಪುರ, ಮೂಡಿಗೆರೆಯ ತೋಟದ ಸಭೆಗಳಲ್ಲಿ ಅಲಕ್ಷ್ಯಕ್ಕೊಳಗಾದವರ ಕಡೆಯಿಂದಲೇ ಹಿರಿಯರನ್ನು ಆರಿಸಬೇಕು ಎಂಬ ಪಾಠ ಇಲ್ಲಿ ಎದ್ದು ಕಾಣುತ್ತದೆ. ಕೈಪಿಡಿ ಮಾತ್ರ ಅದನ್ನು ಮುಟ್ಟದೆ ಮುಂದಕ್ಕೆ ಹೋಗುತ್ತದೆ. ರಕ್ಷಾಪುಟದ ಚಿತ್ರದ್ದೂ ಇದೇ ಕತೆ. ಹೇಮಾವತಿ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಎದ್ದು ನಿಲ್ಲುವ ಶೆಟ್ಟಿಹಳ್ಳಿ ಚರ್ಚಿನ ಫೋಟೋ ಹಾಕಿದ್ದಾರೆ. ಅಣೆಕಟ್ಟು ಕಟ್ಟಿದಾಗ ಊರು ಬಿಟ್ಟು ಎದ್ದುಹೋದ ಜನರ ಬಗ್ಗೆ ಒಳಗೆ ಒಂದು ಸಾಲೂ ಇಲ್ಲ. ಸಭೆಯೆಂದರೆ ಕಟ್ಟಡವೋ ಜನರೋ ಎಂದು ಕೇಳಲು ಇದಕ್ಕಿಂತ ಹತ್ತಿರದ ಉದಾಹರಣೆ ಎಲ್ಲಿ ಸಿಕ್ಕೀತು?

ಮೂರನೆಯದರಿಂದ ಆರನೆಯ ಶನಿವಾರದವರೆಗೆ ಪ್ರಸಂಗ. ಚೆನ್ನಾಗಿ ಕಲಿಸುತ್ತಾರೆ. ಒಂದೇ ವಾಕ್ಯಭಾಗ, ಒಂದೇ ಮುಖ್ಯ ಮಾತು, ಇಪ್ಪತ್ತು ನಿಮಿಷ, ಒಂದು ಹಾಳೆಗೆ ಮೀರದ ಟಿಪ್ಪಣಿ. ಮೈಕ್ ಬಾಯಿಂದ ಒಂದು ಗೇಣು ದೂರ ಇರಲಿ, ಕೂಗಾಟ ಬೇಡ. ಪ್ರಾಟೆಸ್ಟೆಂಟರ ಹಳೆಯ ಸತ್ಯವೇದದ 'ಯೆಹೋವ' ಕ್ಯಾಥೊಲಿಕರ ಬೈಬಲಿನಲ್ಲಿ 'ಸರ್ವೇಶ್ವರ' ಆಗಿರುತ್ತದೆ. ಎರಡೂ ಕಡೆಯವರು ಸೇರುವ ಮದುವೆ, ಮಣ್ಣುಗಳಲ್ಲಿ ಓದುವಾಗ ಇದನ್ನು ನೋಡಿಕೊಳ್ಳಿ ಎಂಬ ಸೂಚನೆಯೂ ಉಂಟು. ಆದರೆ ನಾಲ್ಕು ಶನಿವಾರ ಅತಿಯಾಯಿತು. 1 ತಿಮೊಥೆಯ 3ರಲ್ಲಿ ಸಭಾನಾಯಕನಿಗೆ ಇರಬೇಕಾದ ಲಕ್ಷಣಗಳನ್ನು ಎಣಿಸಿ ನೋಡಿ. ಬೋಧಿಸುವ ಸಾಮರ್ಥ್ಯ ಅದರಲ್ಲಿ ಒಂದು. ಮಿಕ್ಕದ್ದೆಲ್ಲ ನಡತೆ: ಕುಡುಕನಲ್ಲ, ಹೊಡೆದಾಡುವವನಲ್ಲ, ಹಣದಾಸೆಯವನಲ್ಲ, ಅತಿಥಿಸತ್ಕಾರ ಬಲ್ಲವನು, ಸ್ವಂತ ಮನೆಯನ್ನು ನಡೆಸಬಲ್ಲವನು, ಹೊರಗಿನವರಿಂದಲೂ ಒಳ್ಳೆಯವನು ಅನ್ನಿಸಿಕೊಂಡವನು. ಒಂದು ಲಕ್ಷಣಕ್ಕೆ ನಾಲ್ಕು ದಿನ ಕೊಟ್ಟಿದ್ದಾರೆ. ಮಿಕ್ಕ ಅಷ್ಟೂ ಲಕ್ಷಣಗಳನ್ನು ಕೊನೆಯ ಎರಡು ಶನಿವಾರಕ್ಕೆ ತುರುಕಿದ್ದಾರೆ.

ಏಳು, ಎಂಟನೆಯ ಶನಿವಾರದ ರೋಗಿಭೇಟಿ ತರಗತಿಗೆ ಪೂರ್ತಿ ಅಂಕ. ಮಿಷನ್ ಆಸ್ಪತ್ರೆಯ ಹಳೆಯ ಪರಂಪರೆ ಇರುವ ಊರಿಗೆ ತಕ್ಕ ಪಾಠ. ನಿಜವಾದ ಮಂಚ, ಡ್ರಿಪ್ ಸ್ಟ್ಯಾಂಡು, ರೋಗಿಯಾಗಿ ಮಲಗುವ ಒಬ್ಬ ಸ್ವಯಂಸೇವಕ, ಇಷ್ಟು ಇಟ್ಟುಕೊಂಡು ಮಾಡಿಸುತ್ತಾರೆ. ವಾರ್ಡಿಗೆ ಹೋದ ಕೂಡಲೇ ನರ್ಸಮ್ಮನವರ ಅನುಮತಿ. ಕೈ ತೊಳೆದುಕೊಳ್ಳುವುದು. ಮಂಚದ ಮೇಲೆ ಕೂರುವಂತಿಲ್ಲ, ಸ್ಟೂಲು ಎಳೆದುಕೊಂಡು ರೋಗಿಯ ಕಣ್ಣಿನ ಮಟ್ಟಕ್ಕೆ ಕೂರಬೇಕು, ನಿಂತರೆ ಅವರು ಕತ್ತು ಎತ್ತಬೇಕಾಗುತ್ತದೆ. 'ಹೇಗಿದ್ದೀರಿ' ಎಂದರೆ 'ಚೆನ್ನಾಗಿದ್ದೇನೆ' ಎಂಬ ಉತ್ತರವೇ ಬರುತ್ತದೆ, ಆದ್ದರಿಂದ 'ರಾತ್ರಿ ನಿದ್ದೆ ಬಂತಾ' ಎಂದು ಶುರು ಮಾಡಿ. ಹತ್ತು ನಿಮಿಷ, ಹೆಚ್ಚೆಂದರೆ ಹದಿನೈದು. ಪ್ರಾರ್ಥನೆ ಮಾಡಲೇ ಎಂದು ಕೇಳಿ, ಬೇಡವೆಂದರೆ ಸುಮ್ಮನಿದ್ದು ಬನ್ನಿ. ಪಕ್ಕದ ಮಂಚದವರು ಬೇರೆ ಧರ್ಮದವರಿರಬಹುದು, ಧ್ವನಿ ರೋಗಿಯ ಕಿವಿಯಾಚೆಗೆ ಹೋಗದಿರಲಿ. ಯಾಕೋಬ 5ರಂತೆ ಎಣ್ಣೆ ಹಚ್ಚುವ ಪದ್ಧತಿ ಇರುವ ಸಭೆಯವರು ಹಣೆಗೆ ಒಂದು ಹನಿ ಮುಟ್ಟಿಸಿದರೆ ಸಾಕು. ಗಾಯಕ್ಕೆ, ಹೊಲಿಗೆಗೆ ತಾಗಿಸಲೇಕೂಡದು. 'ದೇವರು ವಾಸಿ ಮಾಡ್ತಾನೆ, ಮಾತ್ರೆ ಬಿಡಿ' ಎಂಬ ಮಾತು ಯಾವ ಕಾರಣಕ್ಕೂ ಬಾಯಿಂದ ಹೊರಡಬಾರದು. ಸಕ್ಕರೆ ಕಾಯಿಲೆಯವರು, ಫಿಟ್ಸ್ ಇರುವವರು ಮಾತ್ರೆ ನಿಲ್ಲಿಸಿದರೆ ಏನಾಗುತ್ತದೆ ಎಂಬುದನ್ನು ಹೇಳಲು ಒಬ್ಬ ಡಾಕ್ಟರನ್ನೇ ಕರೆಸಿದ್ದಾರೆ. ಸರಿಯಾದ ಕೆಲಸ.

ರೋಗಿಯ ಮನೆಗೆ ಅಯ್ಯನವರು ಕರ್ತನ ಭೋಜನ (ಯೇಸುವಿನ ನೆನಪಿಗೆ ಕೊಡುವ ರೊಟ್ಟಿ, ದ್ರಾಕ್ಷಿರಸ) ಕೊಡಲು ಹೋದಾಗ ಜೊತೆಗೆ ಹೋಗುವವರು ಏನು ನೋಡಿಕೊಳ್ಳಬೇಕು ಎಂಬುದೂ ಇಲ್ಲಿ ಸೇರಿದೆ. ಆಪರೇಷನ್ನಿಗೆ ಮುಂಚೆ ಏನೂ ಕೊಡಬಾರದೆಂದು ಹೇಳಿದ್ದಾರೆಯೇ? ಪಾರ್ಶ್ವವಾಯು ಆದವರಿಗೆ ನುಂಗಲು ಆಗುತ್ತದೆಯೇ? ಒಣ ರೊಟ್ಟಿಯ ಚೂರು ಗಂಟಲಲ್ಲಿ ಸಿಕ್ಕಿಕೊಂಡೀತು. ರೋಗಿಯನ್ನು ನೆಟ್ಟಗೆ ಕೂರಿಸಿ, ಮನೆಯವರನ್ನು ಕೇಳಿ, ಕಡಲೆಕಾಳಿನ ಗಾತ್ರದ್ದನ್ನು ನೆನೆಸಿ ಕೊಡುವುದು ಕ್ರಮ. ಕುಡಿತ ಬಿಟ್ಟವರ ಮನೆಗೆ ವೈನ್ ಒಯ್ಯಬೇಡಿ, ದ್ರಾಕ್ಷಿರಸ ಸಾಕು ಎನ್ನುತ್ತಾರೆ. ಮನೆಯಲ್ಲಿ ಕುದಿಸಿ ಸೋಸಿಟ್ಟ ರಸ ಫ್ರಿಜ್ಜಿನ ಹೊರಗಿದ್ದರೆ ಕೆಲವೇ ದಿನಕ್ಕೆ ಹುಳಿ ತಿರುಗುತ್ತದೆ ಎಂಬುದನ್ನು ಮಾತ್ರ ಯಾರೂ ಹೇಳಲಿಲ್ಲ. ಮುಚ್ಚಳ ತೆಗೆದಾಗ ಬುಸ್ ಎಂದರೆ ಅದು ಇನ್ನು ರಸವಲ್ಲ.

ಒಂಬತ್ತು, ಹತ್ತು ಸಂಡೇ ಸ್ಕೂಲು, ಹಾಡು, ಆರಾಧನಾಕ್ರಮ. ಪರವಾಗಿಲ್ಲ.

ಹನ್ನೊಂದನೆಯ ಶನಿವಾರ ಮಧ್ಯಾಹ್ನದ ಊಟ ಆದಮೇಲೆ, ಎಲ್ಲರಿಗೂ ಕಣ್ಣು ಎಳೆಯುವ ಹೊತ್ತಿಗೆ, ಹಣದ ವಿಷಯ. ಮುಕ್ಕಾಲು ಗಂಟೆ! ಈ ತರಬೇತಿಯ ಮೇಲೆ ನಮ್ಮ ದೊಡ್ಡ ತಕರಾರು ಇದೇ. ಪ್ರಸಂಗ ಕೆಟ್ಟು ಸಭೆ ಒಡೆಯುವುದು ಕಡಿಮೆ, ಕಾಣಿಕೆಯ ಲೆಕ್ಕ ಕೆಟ್ಟು ಒಡೆಯುವುದೇ ಹೆಚ್ಚು. ಹಣ ಒಯ್ಯುವಾಗ ಯಾರೂ ಬೆರಳು ತೋರದಿರಲಿ ಎಂದು ಪೌಲನೇ ತೀತನ ಜೊತೆಗೆ ಸಭೆಗಳವರು ಆರಿಸಿದ ಸಹೋದರನನ್ನೂ ಕಳಿಸಿದ, ಅದು 2 ಕೊರಿಂಥ 8ರಲ್ಲಿದೆ. ಅದರ ಇಂದಿನ ರೂಪ ಸರಳ. ಕಾಣಿಕೆ ಚೀಲವನ್ನು ಸಂಬಂಧಿಕರಲ್ಲದ ಇಬ್ಬರು ಚರ್ಚಿನೊಳಗೇ ಎಣಿಸಬೇಕು. 500ರದ್ದು ಎಷ್ಟು, 100ರದ್ದು ಎಷ್ಟು, ಚಿಲ್ಲರೆ ಎಷ್ಟು ಎಂದು ಚೀಟಿ ಬರೆದು ಇಬ್ಬರೂ ಸಹಿ ಹಾಕಿ, ಒಂದು ಪ್ರತಿ ಖಜಾಂಚಿಗೆ, ಒಂದು ಕಾರ್ಯದರ್ಶಿಗೆ. ಸೋಮವಾರ ಪೂರ್ತಿ ಮೊತ್ತ ಬ್ಯಾಂಕಿಗೆ. ಖರ್ಚಿಗೆಂದು ಚೀಲದಿಂದಲೇ ಕಿತ್ತುಕೊಟ್ಟರೆ ಆ ವಾರದ ಲೆಕ್ಕ ಮತ್ತೆ ಕೂಡಿಬರುವುದಿಲ್ಲ. ಕೈಪಿಡಿಯಲ್ಲಿ ಇಷ್ಟಿದೆ. ಇಲ್ಲದ್ದು ಕ್ಯೂಆರ್ ಕೋಡ್. ಚಿಕ್ಕ ಸಭೆಗಳಲ್ಲಿ ಗೋಡೆಗೆ ಅಂಟಿಸಿದ ಕೋಡು ಪಾಸ್ಟರ ಸ್ವಂತ ಖಾತೆಯದ್ದೇ ಆಗಿರುವುದುಂಟು. ಎರಡು ವರ್ಷ ಕಳೆದ ಮೇಲೆ ಯಾವುದು ಕಾಣಿಕೆ, ಯಾವುದು ಅವರ ತಮ್ಮ ಕಳಿಸಿದ ಹಣ ಎಂದು ಬೇರ್ಪಡಿಸಲು ಅವರಿಂದಲೂ ಆಗುವುದಿಲ್ಲ. ಅವರು ಪ್ರಾಮಾಣಿಕರಾದರೂ ಅಷ್ಟೆ.

ವಿದೇಶದ ಹಣದ ಬಗ್ಗೆ ಹೇಳಿದ್ದು ಅರ್ಧ ತಪ್ಪು. 'ಹೊರದೇಶದಿಂದ ಬಂದದ್ದೆಲ್ಲ ಎಫ್‌ಸಿಆರ್‌ಎ', ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ಕೆಳಗೆ ಬರುತ್ತದೆ, ಎಂದುಬಿಟ್ಟರು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ದುಬೈಯಲ್ಲಿ ದುಡಿಯುವವರು ತಮ್ಮ ಸಂಪಾದನೆಯಿಂದ ಬ್ಯಾಂಕಿನ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆ ಆಗುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದು ಓಸಿಐ ಕಾರ್ಡ್ ಹೊಂದಿರುವವರು ಕೊಟ್ಟದ್ದು ಆಗುತ್ತದೆ. ಅದನ್ನು ಪಡೆಯಲು ಎಫ್‌ಸಿಆರ್‌ಎ ನೋಂದಣಿಯೂ ಬೇಕು, ಸ್ಟೇಟ್ ಬ್ಯಾಂಕಿನ ದೆಹಲಿ ಮುಖ್ಯ ಶಾಖೆಯಲ್ಲಿ ಅದಕ್ಕೆಂದೇ ತೆರೆದ ಖಾತೆಯೂ ಬೇಕು.

ಕೊನೆಯ ಶನಿವಾರಕ್ಕೆ ಗುಟ್ಟು, ಮಕ್ಕಳು, ಮದುವೆ, ಸ್ವಂತ ಬದುಕು ಎಲ್ಲವೂ ಒಟ್ಟಿಗೆ. ನಂಬಿ ಹೇಳಿದ ಮಾತನ್ನು ಪ್ರಾರ್ಥನಾ ಕೂಟದಲ್ಲಿ 'ಈ ಸಹೋದರಿಗಾಗಿ ಪ್ರಾರ್ಥಿಸೋಣ, ಮನೆಯಲ್ಲಿ ಸಮಸ್ಯೆಯಿದೆ' ಎಂದು ಬಿಚ್ಚುವುದೂ ಚಾಡಿಯೇ ಎಂದು ಖಡಾಖಂಡಿತ ಹೇಳುತ್ತಾರೆ. ಆದರೆ ಗುಟ್ಟಿಗೆ ಒಂದು ಗಡಿಯಿದೆ, ಅದನ್ನು ಎರಡು ಸಾಲಲ್ಲಿ ಮುಗಿಸಿದ್ದು ತಪ್ಪು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ಗೊತ್ತಾದರೆ 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಅದೇ ಅಪರಾಧ. 'ಸಭೆಯ ಮರ್ಯಾದೆ, ಒಳಗೇ ಬಗೆಹರಿಸೋಣ' ಎನ್ನುವ ಹಿರಿಯರಿಗೆ ಸಹೋದರನ ತಪ್ಪನ್ನು ಸಭೆಯೊಳಗೇ ತಿದ್ದುವುದನ್ನು ಹೇಳುವ ಮತ್ತಾಯ 18 ಆಸರೆಯಾಗುವುದಿಲ್ಲ. ಮಕ್ಕಳ ಸಹಾಯವಾಣಿ 1098 ಕೈಪಿಡಿಯಲ್ಲಿದೆ, ಒಳ್ಳೆಯದು. ಸಂಡೇ ಸ್ಕೂಲ್ ಕೋಣೆಯಲ್ಲಿ ಯಾವಾಗಲೂ ಇಬ್ಬರು ದೊಡ್ಡವರು, ಬಾಗಿಲು ತೆರೆದಿರಲಿ, ಒಬ್ಬ ಮಗುವನ್ನು ಬೈಕಿನಲ್ಲಿ ಒಂಟಿಯಾಗಿ ಕರೆದೊಯ್ಯಬೇಡಿ ಎಂಬ ನಿಯಮ ಒಂಬತ್ತನೆಯ ಶನಿವಾರವೇ ಬರಬೇಕಿತ್ತು.

ಮದುವೆಯ ವಿಷಯದಲ್ಲಿ 1872ರ ಕ್ರೈಸ್ತ ವಿವಾಹ ಕಾಯ್ದೆಯ ಮುಖ್ಯಾಂಶ ಸರಿಯಾಗಿದೆ. ದೀಕ್ಷೆಯೋ ಲೈಸೆನ್ಸೋ ಇಲ್ಲದವರು ಮದುವೆ ಮಾಡಿಸುವಂತಿಲ್ಲ, ಕೆಲವು ವಿನಾಯಿತಿ ಬಿಟ್ಟರೆ ಬೆಳಿಗ್ಗೆ 6ರಿಂದ ಸಂಜೆ 7ರೊಳಗೇ ಆಗಬೇಕು, ಇಬ್ಬರು ಸಾಕ್ಷಿ ಬೇಕು, ರಿಜಿಸ್ಟರಿಗೆ ಬರೆಯಬೇಕು. ಅಧಿಕಾರವಿಲ್ಲದವರಿಂದ ಆಶೀರ್ವಾದ ಪಡೆದು ಬಂದವರು ವೀಸಾಕ್ಕೆ ಮದುವೆ ಸರ್ಟಿಫಿಕೇಟ್ ಕೇಳಿದಾಗ ಪರದಾಡುತ್ತಾರೆ.

ಸ್ವಂತ ಬದುಕಿಗೆ ಕೊಟ್ಟ ಹಾಳೆ ಚಿಕ್ಕದಾದರೂ ಉಪಯೋಗಕ್ಕೆ ಬರುತ್ತದೆ. ವಾರಕ್ಕೆ ಏಳು ದಿನ, ದಿನಕ್ಕೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ: ಒಟ್ಟು 21 ಖಾನೆ. ಸಭೆಗೆ ಹನ್ನೆರಡು ಮೀರಬಾರದು, ಮೂರು ಖಾನೆ ಒಟ್ಟಿಗೆ ಖಾಲಿಯಿರುವ ಒಂದು ದಿನ ಇರಲೇಬೇಕು. ಭಾನುವಾರ ದುಡಿಯುವವರಿಗೆ ಅದು ಸಾಮಾನ್ಯವಾಗಿ ಸೋಮವಾರ. ಅಮ್ಮನವರ, ಅಂದರೆ ಅಯ್ಯನವರ ಹೆಂಡತಿಯ, ದುಡಿಮೆಗೆ ಮಾತ್ರ ಖಾನೆಯಿಲ್ಲ. ಬಂದವರಿಗೆಲ್ಲ ಕಾಫಿ, ಮಹಿಳಾ ಕೂಟ, ಸಂಡೇ ಸ್ಕೂಲು, ಯಾವುದಕ್ಕೂ ಸಂಬಳವಿಲ್ಲ. ಸಭೆ ಇದನ್ನು ಪುಕ್ಕಟೆ ಎಂದೇ ಭಾವಿಸಿದೆ, ಕೈಪಿಡಿ ಬರೆದವರೂ ಹಾಗೇ ಭಾವಿಸಿದ ಹಾಗಿದೆ.

ಹಿರಿಯರು, ಖಜಾಂಚಿ, ಸಂಡೇ ಸ್ಕೂಲ್ ಟೀಚರುಗಳಿಗೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಐದಕ್ಕೆ ಮೂರೂವರೆ. ಪ್ರಸಂಗದಿಂದ ಎರಡು ಶನಿವಾರ ಕಿತ್ತು ಹಣಕ್ಕೊಂದು, ಮಕ್ಕಳಿಗೊಂದು ಕೊಟ್ಟರೆ ನಾಲ್ಕೂವರೆ ಕೊಡಬಹುದು. ವರ್ಷಕ್ಕೆ ಎರಡು ತಂಡ. ಡಿಸೆಂಬರಿನದು ಕಾಫಿ ಕೊಯ್ಲಿಗೆ ಸಿಕ್ಕಿಕೊಳ್ಳುತ್ತದೆ, ತೋಟದವರಿಗೆ ಅರ್ಧದಷ್ಟು ಶನಿವಾರಗಳು ತಪ್ಪಿಹೋಗುತ್ತವೆ. ಜೂನಿನದಕ್ಕೆ ಮಲೆನಾಡಿನ ಮಳೆ ಇದ್ದರೂ ಅದೇ ವಾಸಿ. ಸೇರಲು ನಿಮ್ಮ ಸಭೆಯ ಪತ್ರ, ಒಂದು ಫೋಟೋ ಸಾಕು. ಕೈಪಿಡಿಯ ಅಕ್ಷರ ತೀರಾ ಸಣ್ಣದು, ವಯಸ್ಸಾದವರು ಕನ್ನಡಕ ಮರೆಯದೆ ತನ್ನಿ.