ಸೂಪರ್‌ಕಂಡಕ್ಟರ್ ಲ್ಯಾಬ್ ಕಿಟ್: ಹರಳಿನ ಮಾದರಿಗಾಗಿ ಕೊಳ್ಳಿ, ಕೈಪಿಡಿಯನ್ನು ನಂಬಬೇಡಿ

ದಾವಣಗೆರೆಯ ಡಿಗ್ರಿ ಕಾಲೇಜುಗಳ ಭೌತಶಾಸ್ತ್ರ ಲ್ಯಾಬಿಗೆಂದು ಮಾರುತ್ತಿರುವ ಈ ಕಿಟ್‌ನಲ್ಲಿ ಇರುವುದು ಎ15 ಹರಳಿನ (ನಿಯೋಬಿಯಂ-ತವರದ ಪರಮಾಣುಗಳು ಕೂರುವ ಜೋಡಣೆಯ) ಗೋಲಿ-ಕಡ್ಡಿ ಮಾದರಿ, ತಾಮ್ರದೊಳಗೆ ಹುದುಗಿಸಿದ ನಿಯೋಬಿಯಂ-ಟೈಟಾನಿಯಂ ತಂತಿಯ ತುಂಡು, ನಾಲ್ಕು ತಂತಿ ಅಂಟಿಸಿದ ವೈಬಿಸಿಒ (ಇಟ್ರಿಯಂ-ಬೇರಿಯಂ-ತಾಮ್ರದ ಆಕ್ಸೈಡ್) ಬಿಲ್ಲೆ, ಪ್ಲಾಟಿನಂನ ರೋಧದಿಂದ ತಾಪ ಹೇಳುವ ಒಂದು ಪಿಟಿ100 ತಾಪಮಾಪಕ.

ಮೊದಲು ದೊಡ್ಡ ಕೊರತೆ. ಮಿಶ್ರಲೋಹವೊಂದು ಸೂಪರ್‌ಕಂಡಕ್ಟರ್ ಆಗುವುದನ್ನು, ಅಂದರೆ ತಣಿದಾಗ ಅದರ ವಿದ್ಯುತ್ ರೋಧ ಸೊನ್ನೆಯಾಗುವುದನ್ನು, ಈ ಕಿಟ್ ತೋರಿಸಲಾರದು. ನಿಯೋಬಿಯಂ-ಟೈಟಾನಿಯಂ ಸುಮಾರು 9 ಕೆಲ್ವಿನ್‌ನಲ್ಲಿ, ನಿಯೋಬಿಯಂ-ತವರ 18ರಲ್ಲಿ ರೋಧ ಕಳೆದುಕೊಳ್ಳುತ್ತವೆ. ಇಲ್ಲಿ ತಣಿಸಲು ಬಳಸುವ ದ್ರವ ನೈಟ್ರೋಜನ್ 77ಕ್ಕೇ ನಿಲ್ಲುತ್ತದೆ. ಆಸ್ಪತ್ರೆಯ 1.5 ಟೆಸ್ಲಾ ಎಂಆರ್‌ಐ ಯಂತ್ರದಲ್ಲೂ ನಿಯೋಬಿಯಂ-ಟೈಟಾನಿಯಂನದೇ ಸುರುಳಿ ಇರುತ್ತದೆ, ಅದು ಕೆಲಸ ಮಾಡುವುದು 4.2 ಕೆಲ್ವಿನ್‌ನ ದ್ರವ ಹೀಲಿಯಂನಿಂದ. ಕೈಪಿಡಿಯಲ್ಲಿ ಈ ಮಾತೇ ಇಲ್ಲ. ತಂತಿಯನ್ನು ನೈಟ್ರೋಜನ್‌ನಲ್ಲಿ ಅದ್ದಿ ರೋಧ ಇಳಿಯುವುದನ್ನು ನೋಡಿ ಎಂದು ಬರೆದಿದ್ದಾರೆ. ಇಳಿಯುತ್ತದೆ, ಆದರೆ ಅದು ಹೊದಿಕೆಯ ತಾಮ್ರದ ರೋಧ. ಕೋಣೆಯ ತಾಪದಿಂದ 77ಕ್ಕೆ ಬಂದಾಗ ಶುದ್ಧ ತಾಮ್ರದ ರೋಧ ಏಳೆಂಟನೇ ಒಂದು ಭಾಗವಾಗುತ್ತದೆ, ಸೊನ್ನೆಯಾಗುವುದಿಲ್ಲ. ವಿದ್ಯಾರ್ಥಿಗಳು ಇದನ್ನೇ ಸಂಕ್ರಮಣ ತಾಪವೆಂದು (ರೋಧ ಸೊನ್ನೆಯಾಗುವ ತಾಪ) ರೆಕಾರ್ಡಿನಲ್ಲಿ ಬರೆದುಬಿಡುತ್ತಾರೆ. ಆ ಪುಟವನ್ನು ಹರಿದುಹಾಕುವುದೇ ಒಳ್ಳೆಯದು.

ಈಗ ಮಾದರಿ. ದುಡ್ಡಿಗೆ ಬೆಲೆ ಸಿಗುವುದು ಇಲ್ಲಿ. ಘನದ ಎಂಟು ಮೂಲೆಗೆ ಒಂದೊಂದು, ನಡುವೆ ಒಂದು, ಹೀಗೆ ಒಂಬತ್ತು ತವರದ ಗೋಲಿಗಳು. ಆರು ಮುಖಗಳಲ್ಲಿ ಜೋಡಿಯಾಗಿ ಹನ್ನೆರಡು ನಿಯೋಬಿಯಂ ಗೋಲಿಗಳು. ಅಕ್ಕಪಕ್ಕದ ಘನಗಳಿಗೂ ಪಾಲು ಹೋಗುವುದರಿಂದ ಒಂದು ಘನಕ್ಕೆ ಉಳಿಯುವುದು ಎರಡು ತವರ, ಆರು ನಿಯೋಬಿಯಂ, ಅದೇ 3:1. ನಿಯೋಬಿಯಂ-ಟೈಟಾನಿಯಂನದು ಸಾದಾ ಕಾಯಕೇಂದ್ರಿತ ಘನ, ಅಲ್ಲಿ ಎರಡು ಧಾತುಗಳೂ ಯಾವ ಜಾಗದಲ್ಲಾದರೂ ಕೂರುತ್ತವೆ. ಎ15ರಲ್ಲಿ ಹಾಗಲ್ಲ, ನಿಯೋಬಿಯಂ ಮೂರು ಲಂಬ ದಿಕ್ಕುಗಳಲ್ಲಿ ಸರಪಳಿಯಾಗಿ ಸಾಗುತ್ತದೆ. ಘನದ ಅಂಚು 5.29 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಎಂದರೆ ಮೀಟರಿನ ಸಾವಿರ ಕೋಟಿಯಲ್ಲೊಂದು ಭಾಗ), ಸರಪಳಿಯಲ್ಲಿ ಪರಮಾಣುವಿನಿಂದ ಪರಮಾಣುವಿಗೆ ಅದರರ್ಧ, 2.65. ಬರಿಯ ನಿಯೋಬಿಯಂನಲ್ಲಿ ಈ ಅಂತರ 2.86. ಈ ಸರಪಳಿ ಕೆಟ್ಟರೆ ತಾಪವೂ ಬೀಳುತ್ತದೆ: ತವರ ಶೇ. 25ರಿಂದ 18ಕ್ಕೆ ಇಳಿದಾಗ ಸಂಕ್ರಮಣ ತಾಪ 18ರಿಂದ 6 ಕೆಲ್ವಿನ್ ಆಸುಪಾಸಿಗೆ ಕುಸಿಯುತ್ತದೆ.

ಜೋಡಿಸುವಾಗ ಎಡವುವುದು ಕಡ್ಡಿಗಳಲ್ಲಿ. 1 ಆಂಗ್‌ಸ್ಟ್ರಾಮ್‌ಗೆ 2 ಸೆಂ.ಮೀ. ಅಳತೆಯಲ್ಲಿ ನಿಯೋಬಿಯಂ-ನಿಯೋಬಿಯಂ ಗೋಲಿಗಳ ನಡುಮಧ್ಯದಿಂದ ನಡುಮಧ್ಯಕ್ಕೆ 5.3 ಸೆಂ.ಮೀ., ನಿಯೋಬಿಯಂ-ತವರಕ್ಕೆ 5.9. ಎರಡೂ ಕಡ್ಡಿಗಳು ಕಪ್ಪು ಬಣ್ಣದವೇ. ಮೊದಲೇ ಅಳೆದು ಗಿಡ್ಡ ಕಡ್ಡಿಗಳಿಗೆ ಕೆಂಪು ಟೇಪು ಸುತ್ತಿಡಿ. ಎದುರುಬದುರು ಮುಖಗಳ ಜೋಡಿಗಳು ಸಮಾನಾಂತರ, ಪಕ್ಕದ ಮುಖದ್ದು ಅಡ್ಡ. ಒಂದು ಜೋಡಿ ತಿರುಗಿದರೂ ಸರಪಳಿ ತುಂಡಾಗುತ್ತದೆ.

ಬಿಲ್ಲೆಯ ಪ್ರಯೋಗ ಚೆನ್ನಾಗಿದೆ, ವೈಬಿಸಿಒ ಸುಮಾರು 92 ಕೆಲ್ವಿನ್‌ಗೆ ಸೂಪರ್‌ಕಂಡಕ್ಟರ್ ಆಗುತ್ತದೆ. ಪಿಟಿ100 ನೈಟ್ರೋಜನ್‌ನಲ್ಲಿ 20.2 ಓಮ್ ಆಸುಪಾಸು ತೋರಿಸಬೇಕು. ಬಹಳ ಹೆಚ್ಚಿದ್ದರೆ ಅದರ ಸಂಪರ್ಕ ತಂತಿಯ ರೋಧ ಸೇರಿಕೊಂಡಿದೆ. 92 ಕೆಲ್ವಿನ್‌ಗೆ 26.6 ಓಮ್. ನಿಮಿಷಕ್ಕೆ 2-3 ಕೆಲ್ವಿನ್‌ಗಿಂತ ಬೇಗ ತಣಿಸಿದರೆ ತಾಪಮಾಪಕ ಹಿಂದುಳಿದು, ಗ್ರಾಫಿನಲ್ಲಿ ತಣಿಯುವಾಗಿನ ಗೆರೆಯೂ ಬಿಸಿಯಾಗುವಾಗಿನ ಗೆರೆಯೂ ಬೇರೆಯಾಗುತ್ತವೆ. ಪ್ರತಿ ಅಳತೆಗೂ ವಿದ್ಯುತ್ ದಿಕ್ಕು ಬದಲಿಸಿ ಸರಾಸರಿ ತೆಗೆಯಿರಿ, ಇಲ್ಲದಿದ್ದರೆ ಬೆಸುಗೆಗಳಲ್ಲಿ ಹುಟ್ಟುವ ಉಷ್ಣವಿದ್ಯುತ್ ಸೊನ್ನೆಯನ್ನು ಮುಚ್ಚಿಹಾಕುತ್ತದೆ. ಹೊರತೆಗೆದ ಬಿಲ್ಲೆಯ ಮೇಲೆ ನೀರು ಕೂರುತ್ತದೆ, ತೇವ ಅದನ್ನು ಹಾಳುಮಾಡುತ್ತದೆ. ಒಣಗಿಸಿ ಸಿಲಿಕಾ ಜೆಲ್ ಜೊತೆ ಡಬ್ಬಿಯಲ್ಲಿಡಿ, ಮಳೆಗಾಲದಲ್ಲಂತೂ ತಪ್ಪದೆ.

ನೈಟ್ರೋಜನ್‌ಗೆ, ದನಗಳ ಕೃತಕ ಗರ್ಭಧಾರಣೆಗೆ ಬಳಸುವಂಥ ಕ್ಯಾನ್ ಸಾಕು. ಅದರ ಮುಚ್ಚಳ ಸಡಿಲವಾಗಿಯೇ ಇರಲಿ, ಕಿಟಕಿ ತೆರೆದಿರಲಿ. ಮಾರುವವರು ಮಾದರಿಯನ್ನು ಬಿಡಿಯಾಗಿ ಕೊಡುವುದಾದರೆ ಎರಡು ತೆಗೆದುಕೊಳ್ಳಿ: ಘನಗಳನ್ನು ಪಕ್ಕಪಕ್ಕ ಇಟ್ಟಾಗಲೇ ಗಡಿ ದಾಟಿ ಅದೇ ಅಂತರದಲ್ಲಿ ಮುಂದುವರಿಯುವ ಸರಪಳಿ ಕಣ್ಣಿಗೆ ಬೀಳುತ್ತದೆ.