ಸೀಡ್ ಪದಗಳಿಗೆ ನಾನು ಸೀಡ್‌ಟೂಲ್ ಹಿಡಿದ ಕಥೆ

ಬಿಟ್‌ಕಾಯಿನ್ ವಾಲೆಟ್‌ನ ಕೀಗಳು ಹುಟ್ಟುವುದು ಸೀಡ್ ಪದಗಳಿಂದ, ಅವಿದ್ದರೆ ವಾಲೆಟ್ ಮತ್ತೆ ತೆರೆಯಬಹುದು. ಆ ಪದಗಳನ್ನು ಮಾಡುವ ಕಮಾಂಡ್ ಲೈನ್ ಸಾಧನಗಳಲ್ಲಿ ನನ್ನ ಓಟು ಯಾವುದಕ್ಕೆ ಅಂತ ಮೊದಲೇ ಹೇಳಿಬಿಡುತ್ತೇನೆ: ಬ್ಲಾಕ್‌ಚೈನ್ ಕಾಮನ್ಸ್‌ನವರ ಸೀಡ್‌ಟೂಲ್. ಎಲೆಕ್ಟ್ರಮ್ ಅನ್ನೋ ವಾಲೆಟ್ ಸಾಫ್ಟ್‌ವೇರ್‌ನ ಕಮಾಂಡ್ ಲೈನ್‌ನಿಂದ ಶುರುಮಾಡಿ, ಒಂದು ರಾತ್ರಿ ಬೆವರಿ, ಆಮೇಲೆ ಇಲ್ಲಿಗೆ ಬಂದವನು ನಾನು.

ಎಲೆಕ್ಟ್ರಮ್‌ನಲ್ಲಿ ಮಾಡಿದ 12 ಪದಗಳನ್ನು ಕಾಗದದಲ್ಲಿ ಬರೆದಿಟ್ಟಿದ್ದೆ. ಲ್ಯಾಪ್‌ಟಾಪ್ ಕೆಟ್ಟಿತು. ಹೊಸ ಹಾರ್ಡ್‌ವೇರ್ ವಾಲೆಟ್‌ಗೆ (ಕೀಗಳನ್ನು ಇಟ್ಟುಕೊಳ್ಳುವ ಪುಟ್ಟ ಸಾಧನ) ಅದೇ ಪದ ಹಾಕಿದರೆ 'ಸೀಡ್ ತಪ್ಪು' ಅಂತು. ನನ್ನ ಕೈಬರಹ ನನಗೇ ಗೊತ್ತಾಗುತ್ತಿಲ್ಲವೇನೋ ಅಂತ ಮೂರು ಸಲ ಹಾಕಿದೆ. ಎಲ್ಲವೂ ಬಿಪ್39ರ (ಹೆಚ್ಚಿನ ವಾಲೆಟ್‌ಗಳು ಪಾಲಿಸುವ ಸೀಡ್ ಪದಗಳ ನಿಯಮ) 2048 ಪದಗಳ ಪಟ್ಟಿಯಲ್ಲಿ ಇರುವವೇ!

ಪಟ್ಟಿ ಒಂದೇ, ಲೆಕ್ಕ ಬೇರೆ. ಬಿಪ್39ರ 12 ಪದಗಳಲ್ಲಿ ಕೊನೆಯದರೊಳಗೆ, ಪದಗಳು ಸರಿಯಿವೆಯೇ ಅಂತ ನೋಡಲು, 4 ಬಿಟ್ ಚೆಕ್‌ಸಮ್ ಅಡಗಿರುತ್ತದೆ. ಎಲೆಕ್ಟ್ರಮ್ ಹಾಗಲ್ಲ. ಪದಗಳ ಹ್ಯಾಶ್ (ಅವುಗಳಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆ) ಒಂದು ಗೊತ್ತಾದ ಅಂಕಿಯಿಂದ ಶುರುವಾಗುವವರೆಗೂ ಹುಡುಕುತ್ತದೆ. ಆ ಅಂಕಿ ನೋಡಿದರೆ ವಾಲೆಟ್ ಯಾವ ಬಗೆಯದು ಅಂತ ತಿಳಿಯುತ್ತದೆ. ಜಾಣತನವೇ, ಆದರೆ ನನಗೆ ಆವತ್ತು ಬೇಕಾಗಿದ್ದು ಅದಲ್ಲ.

ಎಲೆಕ್ಟ್ರಮ್ ಪದಗಳನ್ನು ಬಿಪ್39ಕ್ಕೆ ಬದಲಾಯಿಸೋ ಸ್ಕ್ರಿಪ್ಟ್ ಹುಡುಕಿದೆ. ಅದು ಆಗದ ಮಾತು. ಎರಡೂ ಪದ್ಧತಿಗಳು ಪದಗಳನ್ನು 2048 ಸುತ್ತು ಅರೆಯುತ್ತವೆ, ಆದರೆ ಉಪ್ಪು (ಸಾಲ್ಟ್, ಲೆಕ್ಕಕ್ಕೆ ಜೊತೆಗೆ ಸೇರಿಸುವ ಪದ) ಅಂತ ಬಿಪ್39 'ನೆಮೋನಿಕ್' ಅನ್ನೋ ಪದ ಬೆರೆಸಿದರೆ, ಎಲೆಕ್ಟ್ರಮ್ ತನ್ನ ಹೆಸರನ್ನೇ ಬೆರೆಸುತ್ತದೆ. ಬರುವ ಕೀಗಳಿಗೆ ಒಂದಕ್ಕೊಂದು ನೆಂಟಸ್ತಿಕೆಯೇ ಇಲ್ಲ. ಕೊನೆಗೆ ಹೆಂಡತಿಯ ಲ್ಯಾಪ್‌ಟಾಪ್‌ನಲ್ಲಿ ಎಲೆಕ್ಟ್ರಮ್ ಹಾಕಿ, ವಾಲೆಟ್ ತೆರೆದು, ಇದ್ದ ಚೂರುಪಾರು ಬಿಟ್‌ಕಾಯಿನ್ ಹೊಸ ವಿಳಾಸಕ್ಕೆ ಕಳಿಸಿದೆ. ಫೀ ದಂಡ. ಎಲೆಕ್ಟ್ರಮ್‌ನ ಕೈಪಿಡಿಯಲ್ಲಿ ಇದೆಲ್ಲ ಬರೆದಿತ್ತು, ಓದದವನು ನಾನೇ.

ಇಂಥದ್ದೇ ಇನ್ನೊಂದು ಕಮಾಂಡ್ ಲೈನ್ ಸಾಧನ, ಲಿಬ್‌ಬಿಟ್‌ಕಾಯಿನ್‌ನ ಬಿಎಕ್ಸ್, ಅದನ್ನು ಮುಟ್ಟಲೇ ಇಲ್ಲ. ಅದರ 3ನೇ ಆವೃತ್ತಿಯ ಸೀಡ್ ಕಮಾಂಡ್‌ನಲ್ಲಿ ಇದ್ದದ್ದು ಬರೀ 32 ಬಿಟ್ ಗುಟ್ಟು. 2023ರಲ್ಲಿ ಕಳ್ಳರು ಅದನ್ನೇ ಊಹಿಸಿ ದುಡ್ಡು ಹೊಡೆದರು. 'ಮಿಲ್ಕ್ ಸ್ಯಾಡ್' ಅಂತ ಆ ದೋಷಕ್ಕೆ ಹೆಸರು.

ಸೀಡ್‌ಟೂಲ್‌ಗೆ ದಾಳದ ಅಂಕಿಗಳನ್ನೇ ಕೊಡಬಹುದು. ಮಗಳ ಲೂಡೋ ದಾಳ 50 ಸಲ ಉರುಳಿಸಿದರೆ ಸುಮಾರು 129 ಬಿಟ್, 12 ಪದಕ್ಕೆ ಸಾಕು. ಬಂದದ್ದು ಬಿಪ್39, ಹಾರ್ಡ್‌ವೇರ್ ವಾಲೆಟ್ ತಕರಾರಿಲ್ಲದೆ ತಗೊಂಡಿತು. ಬೇಕಾದರೆ ಸೀಡನ್ನು ಮೂರು ಚೂರು ಮಾಡಿ, ಯಾವುದಾದರೂ ಎರಡರಿಂದ ವಾಪಸ್ ಪಡೆಯಬಹುದು. ಆ ಚೂರುಗಳನ್ನು ಹೆಚ್ಚಿನ ವಾಲೆಟ್‌ಗಳು ಓದುವುದಿಲ್ಲ, ಮತ್ತೆ ಸೀಡ್‌ಟೂಲ್‌ನಂಥದ್ದರಲ್ಲೇ ಕೂಡಿಸಬೇಕು.

ಕಿರಿಕಿರಿ ಇಲ್ಲ ಅಂತಲ್ಲ. ಕಂಪೈಲ್ ನಾವೇ ಮಾಡಿಕೊಳ್ಳಬೇಕು. ಸುಮ್ನೆ ಕಮಾಂಡ್‌ನಲ್ಲೇ ಪದಗಳನ್ನು ಟೈಪ್ ಮಾಡಿದರೆ ಶೆಲ್ ಹಿಸ್ಟರಿಯಲ್ಲಿ (ಹೊಡೆದ ಕಮಾಂಡ್‌ಗಳ ದಾಖಲೆ) ಉಳಿದುಬಿಡುತ್ತವೆ. ಅದಕ್ಕೇ ವೈಫೈ ಕಿತ್ತ ಹಳೇ ಲ್ಯಾಪ್‌ಟಾಪ್ ಒಂದು ಇಟ್ಟುಕೊಂಡಿದ್ದೇನೆ, ಖರ್ಚು ಸೊನ್ನೆ. 24 ಪದಕ್ಕೆ 100 ಸಲ ದಾಳ ಉರುಳಿಸಬೇಕು. ಅಷ್ಟು ಹೊತ್ತು ಮಗಳು ದಾಳ ಬಿಟ್ಟುಕೊಡಲ್ಲ.